ಡಿಂಗನಿಗೆ, ನಾಯಕಿಯರ ವಿಷಯವಾಗಿ

ಪ್ರೀತಿಯ ಡಿಂಗ,

ನೀನು ಕೇಳಿದ್ದು ಬರೀ ಒಂದು ಪಟ್ಟಿ. 'ಈಗ ಬರ್ತಾ ಇರೋದ್ರಲ್ಲಿ ಯಾವ ಹೀರೋಯಿನ್ ಕಾಮಿಕ್ಸ್ ಓದಬಹುದು, ಎರಡು ಸಾಲಲ್ಲಿ ಹೇಳು' ಅಂತ. ಎರಡು ಸಾಲಲ್ಲಿ ನಿಲ್ಲಿಸುವುದು ನನ್ನ ಕೈಲಿ ಆಗುವುದಿಲ್ಲ ಅಂತ ನಿನಗೂ ಗೊತ್ತು, ಸುಬ್ಬಣ್ಣನ ಟಾರ್ಚಿಗೂ ಗೊತ್ತು. ವಾಟ್ಸಾಪಿನಲ್ಲಿ ಶುರು ಮಾಡಿದ್ದು ಉದ್ದವಾಯಿತು. ಉದ್ದವಾಗಿದ್ದನ್ನು ನಾಲ್ಕು ಜನ ಓದಲಿ ಅನ್ನುವ ಚಪಲ ನನಗೆ ಮೊದಲಿಂದಲೂ ಇದ್ದದ್ದೇ, ಹಾಗಾಗಿ ಎಲ್ಲರೆದುರೇ ಹಾಕುತ್ತಿದ್ದೇನೆ. ಉಳಿದವರು ಕದ್ದು ಕೇಳಿಸಿಕೊಳ್ಳುತ್ತಿದ್ದೇವೆ ಅಂದುಕೊಂಡು ಓದಿ. ನೀವು ಇಲ್ಲ ಅಂದುಕೊಂಡು ನಾನು ಬರೆಯುತ್ತೇನೆ.

ಮೊದಲು ನಿನಗೆ ಬೇಕಾದ ಉತ್ತರ: ಅಬ್ಸಲ್ಯೂಟ್ ವಂಡರ್ ವುಮನ್. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡ. ಅಮೆರಿಕದ ಕಾಮಿಕ್ಸ್ ಕಂಪನಿ ಡಿಸಿಯವರು 2024ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು. ಕಥೆ ಕೆಲ್ಲಿ ಥಾಂಪ್ಸನ್, ಚಿತ್ರ ಹೇಡನ್ ಶರ್ಮನ್. ಕಾಮಿಕ್ಸ್ ಲೋಕದ ದೊಡ್ಡ ಪ್ರಶಸ್ತಿ ಐಸ್ನರ್, ಅದರಲ್ಲಿ ಹೊಸ ಸರಣಿಗೆ ಕೊಡುವುದು 2025ರಲ್ಲಿ ಇದಕ್ಕೇ ಬಂತು. ಪ್ರಶಸ್ತಿ ಬಂದದ್ದಕ್ಕೆ ಓದು ಅನ್ನುತ್ತಿಲ್ಲ, ನಿನಗೆ ಪ್ರಶಸ್ತಿ ಅಂದರೆ ಆಗುವುದಿಲ್ಲ ಅಂತ ಗೊತ್ತು. ಆದರೂ ಓದು.

ನಮಗೆ ಗೊತ್ತಿರುವ ವಂಡರ್ ವುಮನ್, ಅಂದರೆ ಡಯಾನಾ, ಹೇಗೆ? ದ್ವೀಪದ ರಾಜಕುಮಾರಿ, ತಾಯಿ ರಾಣಿ, ಸುತ್ತ ಚಿಕ್ಕಮ್ಮ ದೊಡ್ಡಮ್ಮಂದಿರ ಸೈನ್ಯ. ಇಲ್ಲಿ ಅದೆಲ್ಲವನ್ನೂ ಕಿತ್ತುಕೊಂಡಿದ್ದಾರೆ. ದ್ವೀಪ ಇಲ್ಲ, ರಾಣಿ ಇಲ್ಲ, ಸೈನ್ಯ ಇಲ್ಲ. ಹಸುಗೂಸನ್ನು ನರಕಕ್ಕೆ ತಂದು ಸರ್ಸಿ ಅನ್ನುವ ಮಾಟಗಾತಿಯ ಮಡಿಲಿಗೆ ಹಾಕುತ್ತಾರೆ. ಅಂಥ ಕಡೆ ಬೆಳೆದ ಹುಡುಗಿ ಕ್ರೂರಿ ಆಗಬೇಕಿತ್ತು, ಆಗಿದ್ದರೆ ಅದು ಇನ್ನೊಂದು ಮಾಮೂಲಿ 'ಡಾರ್ಕ್' ಕಥೆ ಆಗುತ್ತಿತ್ತು. ಅವಳು ಆಗುವುದಿಲ್ಲ. ಯಾರ ಮೇಲೂ ಮುನಿಸಿಲ್ಲದೆ, ಮೂಳೆ ಮಾತ್ರ ಉಳಿದಿರುವ ಪೆಗಾಸಸ್ ಕುದುರೆ ಏರಿ, ತನ್ನಷ್ಟೇ ದೊಡ್ಡ ಕತ್ತಿ ಹಿಡಿದು ಭೂಮಿಗೆ ಬರುತ್ತಾಳೆ, ಜನರನ್ನು ಕಾಯುವುದಕ್ಕೆ. ಆ ಪುಟ ನೋಡಿದ ಮೇಲೆ ನಾನು ಪುಸ್ತಕ ಕೆಳಗಿಟ್ಟು ಬಾಲ್ಕನಿಗೆ ಹೋಗಿ ಬಂದೆ. ಕೆಳಗಿನ ಮನೆಯವರು ಏನಾಯ್ತು ಅಂತ ಕೇಳಿದರು. ಏನಂತ ಹೇಳಲಿ?

ಸರ್ಸಿಯ ಪಾತ್ರವೇ ಈ ಪುಸ್ತಕದ ಜೀವ ಅನ್ನಿಸುತ್ತದೆ ನನಗೆ. ಹಳೆಯ ಕಥೆಗಳಲ್ಲಿ ಡಯಾನಾಳಿಗೆ ಅವಳು ಪಕ್ಕಾ ವೈರಿ. ಇಲ್ಲಿ ಸಾಕುತಾಯಿ. ಬೇಡ ಬೇಡ ಅನ್ನುತ್ತಲೇ ಮಗುವನ್ನು ಹಚ್ಚಿಕೊಳ್ಳುವ ಹೆಂಗಸು. ಮಂತ್ರ ಕಲಿಸುವುದನ್ನೂ ಮುದ್ದು ಮಾಡುವುದನ್ನೂ ಒಂದೇ ಕೆಲಸ ಅನ್ನುವ ಹಾಗೆ ಮಾಡುತ್ತಾಳೆ. ಜೋರ್ಡಿ ಬೆಲ್ಲೇರ್ ಅವರ ಬಣ್ಣ ಬೇರೆ. ಇದನ್ನು ಫೋನಿನ ಪುಟ್ಟ ಪರದೆಯಲ್ಲಿ ಮಾತ್ರ ಓದಬೇಡ, ನನ್ನ ಮೇಲೆ ಆಣೆ.

ಈಗ ಮುಖ್ಯ ವಿಷಯ. ಹಳೆಯ ಕಥೆಗಳಲ್ಲಿ ಡಯಾನಾಳ ಪ್ರಿಯಕರನಾದ ಸ್ಟೀವ್ ಟ್ರೆವರ್ ಇಲ್ಲಿ ಹೇಗೋ ನರಕಕ್ಕೆ ಬಂದು ಬೀಳುತ್ತಾನೆ. ಅವನನ್ನು ವಾಪಸು ಭೂಮಿಗೆ ತಲುಪಿಸುವುದಕ್ಕೆ ಡಯಾನಾ ತನ್ನದೊಂದು ಕೈಯನ್ನೇ ಬೆಲೆಯಾಗಿ ತೆರುತ್ತಾಳೆ. ಗಂಡಸಿಗೋಸ್ಕರ ಹೆಣ್ಣು ಕೈ ಕಳೆದುಕೊಳ್ಳುವ ಕಥೆ ಅಂದರೆ ನನಗೆ ಮೈ ಉರಿಯಬೇಕಿತ್ತು. ಉರಿಯಲಿಲ್ಲ. ಯಾಕೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ನಿರ್ಧಾರ ಅವಳದ್ದು, ನೋವು ಅವಳದ್ದು, ಆಮೇಲೆ ಮಂತ್ರದ ಕೈ ಕಟ್ಟಿಕೊಂಡು ಬದುಕುವ ಪುಟಗಳೂ ಅವಳದ್ದೇ. ಅವಳ ಕೈ ಹೋಯಿತು ಅಂತ ಸ್ಟೀವ್ ಶಪಥ ಮಾಡಿ ಹೀರೋ ಆಗುವುದಿಲ್ಲ. ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಒಂದೊಂದು ಮನೆಗೆ ಒಂದೊಂದು ಪುಟ ಇರುತ್ತಿತ್ತಲ್ಲ, ಹಾಗೆ. ಸಾಮಾನು ಯಾರು ಒಯ್ದರು, ಯಾರ ಪುಟದಲ್ಲಿ ಬರೆದರು ಅನ್ನುವುದರಲ್ಲೇ ಎಲ್ಲ ಇದೆ.

ಈ ಮಾನದಂಡ ಸಿಕ್ಕಿದ ಮೇಲೆ ನನಗೆ ಬೇರೆ ಪುಸ್ತಕಗಳನ್ನು ಓದುವುದೇ ಕಷ್ಟವಾಗಿದೆ.

ಕಮಲಾ ಖಾನ್ ತಗೋ. 2013ರಲ್ಲಿ ಮೊದಲು ಕಾಣಿಸಿಕೊಂಡು, 2014ರಲ್ಲಿ ಮಿಸ್ ಮಾರ್ವೆಲ್ ಹೆಸರಿನಲ್ಲಿ ಸ್ವಂತ ಸರಣಿ ಪಡೆದ ಜೆರ್ಸಿ ಸಿಟಿಯ ಹುಡುಗಿ, ಪಾಕಿಸ್ತಾನಿ ಮೂಲದ ಮನೆ. ಜಿ. ವಿಲ್ಲೋ ವಿಲ್ಸನ್ ಬರೆದ ಮೊದಲ ಸಂಪುಟಕ್ಕೆ 2015ರಲ್ಲಿ, ವಿಜ್ಞಾನಕಥೆ ಲೋಕದ ಹ್ಯೂಗೋ ಪ್ರಶಸ್ತಿ ಬಂತು. ಬುರ್ಕಿನಿ ಅನ್ನುವ ಮೈತುಂಬ ಮುಚ್ಚುವ ಈಜುಡುಗೆಯಿಂದ ಮಾಡಿಕೊಂಡ ವೇಷ. ಅವೆಂಜರ್ಸ್ ಬಗ್ಗೆ ಕೂತು ಫ್ಯಾನ್ ಫಿಕ್ಷನ್ ಬರೆಯುವ ಹುಡುಗಿ, ಅಂದರೆ ನಾವೇ. ಖಳನನ್ನು ಎದುರಿಸುವುದಕ್ಕಿಂತ ಅಮ್ಮನಿಗೆ ಏನು ಹೇಳಿ ರಾತ್ರಿ ಮನೆ ಬಿಡುವುದು ಅನ್ನುವುದೇ ದೊಡ್ಡ ಸಾಹಸ ಅನ್ನುವುದನ್ನು ನಮ್ಮ ಕಡೆಯ ಯಾವ ಹುಡುಗಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಅವಳನ್ನು 2023ರ ಮೇನಲ್ಲಿ ಕೊಂದರು. ಅವಳ ಪುಸ್ತಕದಲ್ಲಾದರೂ ಕೊಂದರೋ? ಇಲ್ಲ, ಅಮೇಜಿಂಗ್ ಸ್ಪೈಡರ್‌ಮ್ಯಾನ್ 26ನೇ ಸಂಚಿಕೆಯಲ್ಲಿ. ಅದೂ ಹೇಗೆ? ಖಳನಿಗೆ ಮೋಸ ಮಾಡಲು ಸ್ಪೈಡರ್‌ಮ್ಯಾನ್‌ನ ಹಳೆಯ ಗೆಳತಿ ಮೇರಿ ಜೇನ್ ರೂಪ ತಾಳಿ, ಅವಳಿಗೆ ಬೀಳಬೇಕಿದ್ದ ಇರಿತವನ್ನು ತಾನು ತಿಂದು. ಇನ್ನೊಬ್ಬನ ಪುಸ್ತಕದಲ್ಲಿ, ಇನ್ನೊಬ್ಬಳ ಮುಖ ಹೊತ್ತು ಸತ್ತಳು ಕಣೋ! ಇದೇ ಪತ್ರಿಕೆಯಲ್ಲಿ ಅವನ ಇನ್ನೊಬ್ಬ ಗೆಳತಿ ಗ್ವೆನ್ ಸ್ಟೇಸಿಯನ್ನು ಸೇತುವೆಯಿಂದ ಬೀಳಿಸಿದ್ದು 1973ರಲ್ಲಿ. ಐವತ್ತು ವರ್ಷ ಆದ ಮೇಲೂ ಪೀಟರ್ ಪಾರ್ಕರ್, ಅಂದರೆ ಸ್ಪೈಡರ್‌ಮ್ಯಾನ್, ಅಳುವುದಕ್ಕೆ ಒಂದು ಹೆಣ್ಣಿನ ದೇಹ ಬೇಕು. ಎರಡು ತಿಂಗಳಲ್ಲಿ, ಜುಲೈನಲ್ಲಿ, ಎಕ್ಸ್‌ಮೆನ್ ಕಥೆಯಲ್ಲಿ ಅವಳನ್ನು ಮ್ಯೂಟಂಟ್, ಅಂದರೆ ಹುಟ್ಟಿನಿಂದಲೇ ಶಕ್ತಿ ಇರುವವಳು, ಅಂತ ಹೇಳಿ ಎಬ್ಬಿಸಿದರು. ಟೀವಿ ಸರಣಿಯಲ್ಲಿ ಹಾಗೆ ಅಂದುಬಿಟ್ಟಿದ್ದರಲ್ಲ, ಹೊಂದಿಸಬೇಕಿತ್ತು. ಎದ್ದ ಮೇಲೆ ಬಂದ ಪುಟ್ಟ ಸರಣಿಯನ್ನು, ಟೀವಿಯಲ್ಲಿ ಅವಳ ಪಾತ್ರ ಮಾಡಿದ ಇಮಾನ್ ವೆಲ್ಲಾನಿಯೇ ಸಬೀರ್ ಪೀರ್‌ಜಾದಾ ಜತೆ ಸೇರಿ ಬರೆದಳು. ಅದಷ್ಟೇ ಆ ಇಡೀ ಗಲಾಟೆಯಲ್ಲಿ ಸಿಕ್ಕ ಲಾಭ.

ಇದಕ್ಕೆಲ್ಲ ಹಳೆಯ ವಂಶಾವಳಿ ಇದೆ. 1942ರ ಹೊತ್ತಿಗೆ ವಂಡರ್ ವುಮನ್ ಜಸ್ಟಿಸ್ ಸೊಸೈಟಿ ಅನ್ನುವ ಸೂಪರ್‌ಹೀರೋಗಳ ತಂಡಕ್ಕೆ ಸೇರಿದಾಗ ಅವಳಿಗೆ ಕೊಟ್ಟ ಹುದ್ದೆ ಕಾರ್ಯದರ್ಶಿಯದ್ದು. ದೇವತೆಗಳ ವರ ಪಡೆದವಳು ಕೂತು ಮೀಟಿಂಗಿನ ನಡಾವಳಿ ಬರೆಯಬೇಕು! 1994ರ ಗ್ರೀನ್ ಲ್ಯಾಂಟರ್ನ್ 54ನೇ ಸಂಚಿಕೆಯಲ್ಲಿ ನಾಯಕ ಕೈಲ್ ರೇನರ್ ಮನೆಗೆ ಬರುತ್ತಾನೆ, ಅವನ ಗೆಳತಿ ಅಲೆಕ್ಸಾಂಡ್ರಾಳನ್ನು ಖಳ ಕೊಂದು ಫ್ರಿಜ್ಜಿನಲ್ಲಿ ತುರುಕಿರುತ್ತಾನೆ. ಯಾಕೆ? ಕೈಲ್‌ಗೆ ಸಿಟ್ಟು ಬರಬೇಕಲ್ಲ, ಅದಕ್ಕೆ. ಆಗ ಹೇರ್ ಡ್ರೆಸರ್ ಆಗಿದ್ದ ಗೇಲ್ ಸಿಮೋನ್ 1999ರಲ್ಲಿ, ಹೀಗೆ ಸತ್ತ, ಅಂಗ ಊನವಾದ, ಶಕ್ತಿ ಕಳೆದುಕೊಂಡ ಹೆಂಗಸರದೆಲ್ಲ ಒಂದು ಪಟ್ಟಿ ಮಾಡಿ ಇಂಟರ್‌ನೆಟ್ಟಿಗೆ ಹಾಕಿದಳು. ಪಟ್ಟಿ ಅಂದರೆ ಅದು. ನಾನು ನೀನು ಮಾಡುವುದಲ್ಲ. ಆಮೇಲೆ ಅವಳೇ ಕಾಮಿಕ್ಸ್ ಬರೆಯಲು ಕೂತಳು, 2024ರಲ್ಲಿ ಅನ್‌ಕ್ಯಾನಿ ಎಕ್ಸ್‌ಮೆನ್ ಕೂಡ ಅವಳ ಕೈಗೆ ಬಂತು. ಅದರಲ್ಲಿ ರೋಗ್‌ಳೇ ತಂಡದ ಯಜಮಾನಿ.

ಆ ಪಟ್ಟಿಯಲ್ಲಿ ನನ್ನನ್ನು ಬಹಳ ಕಾಡುವವಳು ಬಾರ್ಬರಾ ಗಾರ್ಡನ್, ಬ್ಯಾಟ್‌ಗರ್ಲ್ ಆಗಿದ್ದವಳು, ಪೊಲೀಸ್ ಕಮಿಷನರ್ ಗಾರ್ಡನ್ ಮಗಳು. 1988ರ ದ ಕಿಲ್ಲಿಂಗ್ ಜೋಕ್, ನಾವಿಬ್ಬರೂ ಒಂದು ಕಾಲದಲ್ಲಿ ಕೈಮುಗಿದು ಓದಿದ ಪುಸ್ತಕ. ಬ್ಯಾಟ್‌ಮ್ಯಾನ್‌ನ ವೈರಿ ಜೋಕರ್ ಬಾಗಿಲು ತಟ್ಟುತ್ತಾನೆ, ಬಾಗಿಲು ತೆರೆದ ಬಾರ್ಬರಾಗೆ ಗುಂಡು ಹೊಡೆಯುತ್ತಾನೆ. ಅವನಿಗೆ ಬೇಕಾಗಿದ್ದು ಅವಳಪ್ಪನಿಗೆ ಹುಚ್ಚು ಹಿಡಿಸುವುದು. ಕೊನೆಯ ಪುಟದಲ್ಲಿ ಬ್ಯಾಟ್‌ಮ್ಯಾನ್, ಜೋಕರ್ ಇಬ್ಬರೂ ಮಳೆಯಲ್ಲಿ ನಿಂತು ನಗುತ್ತಾರೆ. ಅವಳು ಎಲ್ಲೋ ಆಸ್ಪತ್ರೆಯಲ್ಲಿರುತ್ತಾಳೆ. ಮರುವರ್ಷ ಜಾನ್ ಆಸ್ಟ್ರಾಂಡರ್ ಮತ್ತು ಅವರ ಹೆಂಡತಿ ಕಿಮ್ ಯೇಲ್ ಅವಳನ್ನು ಅಲ್ಲಿಂದ ಎತ್ತಿ ತಂದು, ಗಾಲಿಕುರ್ಚಿಯಲ್ಲಿ ಕಂಪ್ಯೂಟರ್ ಎದುರು ಕೂರಿಸಿ 'ಆರಾಕಲ್' ಮಾಡಿದರು. ಸೂಪರ್‌ಹೀರೋಗಳೆಲ್ಲ ಮಾಹಿತಿಗಾಗಿ ಅವಳ ಬಾಗಿಲು ಕಾಯುವ ಹಾಗಾಯಿತು. ಗುಂಡು ವಾಪಸು ಹೋಗಲಿಲ್ಲ. ಆದರೆ ಅದರ ಲೆಕ್ಕ ಅವಳ ಪುಟಕ್ಕೆ ಬಂತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಒಳ್ಳೆಯ ಲೇಖನ ಆಗುತ್ತಿತ್ತು. 'ಎಷ್ಟು ಸೂಕ್ಷ್ಮವಾಗಿ ಬರೀತೀರಿ' ಅಂತ ನಾಲ್ಕು ಕಮೆಂಟು ಬರುತ್ತಿದ್ದವು.

ಹೋದ ತಿಂಗಳು ಆಫೀಸಿನ ಹುಡುಗರು ಮನೆಗೆ ಊಟಕ್ಕೆ ಬಂದಿದ್ದರು. ಒಬ್ಬ ಕಪಾಟು ನೋಡಿ, 'ಸರ್, ಈ ಹುಚ್ಚು ಯಾವಾಗಿಂದ?' ಅಂದ. ನಾನು ನನ್ನ ಆ ಕಥೆ ತೆಗೆದೆ. ನಿನಗೆ ಬಾಯಿಪಾಠ ಆಗಿರುವ ಕಥೆ. ಅಕ್ಕನ ಆ ವರ್ಷ, ಆಸ್ಪತ್ರೆಯ ಉದ್ದ ಬೆಂಚು, ಬಸ್ ಸ್ಟ್ಯಾಂಡಿನ ಅಂಗಡಿಯಿಂದ ತಂದ ಫ್ಯಾಂಟಮ್ ಪುಸ್ತಕಗಳು, ಏನೂ ಅರ್ಥವಾಗದ ಹುಡುಗ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಸ್ವಲ್ಪ ನಗಿಸಬೇಕು, ಎಲ್ಲಿ ನೀರು ಕುಡಿಯಬೇಕು ಎಲ್ಲ ಗೊತ್ತು ನನಗೆ. ಅಷ್ಟು ಸಲ ಹೇಳಿದ್ದೇನೆ. ಮದುವೆ ಮಾತುಕತೆಯಲ್ಲಿ ಹೇಳಿದ್ದೇನೆ, ಒಂದು ಸಲ ಇಂಟರ್‌ವ್ಯೂನಲ್ಲೂ ಹೇಳಿದ್ದೇನೆ.

ಅಕ್ಕ ಅವತ್ತು ನಮ್ಮಲ್ಲೇ ಇದ್ದಳು. ಅಪ್ಪೆಮಿಡಿ ಭರಣಿ ತಂದು ಮೇಜಿನ ಮೇಲಿಟ್ಟವಳು ಹಾಗೇ ನಿಂತು ಪೂರ್ತಿ ಕೇಳಿದಳು. ಹುಡುಗರ ಮುಖವೆಲ್ಲ ಮೆತ್ತಗಾಗಿತ್ತು. ಅವಳು ನಗುತ್ತಲೇ ಅಂದಳು: 'ಆ ವರ್ಷ ನಾನೂ ಅಲ್ಲೇ ಇದ್ದೆ ಮಾರಾಯಾ.'

ಎಲ್ಲರೂ ನಕ್ಕರು. ನಾನೂ ನಕ್ಕೆ. ಊಟ ಮುಂದುವರಿಯಿತು.

ಅವಳಿಗೆ ಬೇಜಾರಾಗಿತ್ತು ಅಂತಲೂ ಅನ್ನಿಸುವುದಿಲ್ಲ, ನಿನಗೆ ಗೊತ್ತಲ್ಲ ಅವಳ ಮಾತಿನ ವರಸೆ. ಆದರೆ ಅವತ್ತು ರಾತ್ರಿ ನಾನು ಆ ಕಥೆಯನ್ನು ನನ್ನೊಳಗೇ ಮತ್ತೊಮ್ಮೆ ಹೇಳಿಕೊಂಡು ನೋಡಿದೆ. ಅದರಲ್ಲಿ ಅಕ್ಕನಿಗೆ ಒಂದೂ ಮಾತಿಲ್ಲ ಡಿಂಗ. ಮಲಗಿರುತ್ತಾಳೆ, ಅಷ್ಟೆ. ಬೆಂಚಿನ ಮೇಲಿರುವ ಹುಡುಗ ಮಾತ್ರ ಪುಟದಿಂದ ಪುಟಕ್ಕೆ ದೊಡ್ಡವನಾಗುತ್ತಾ ಹೋಗುತ್ತಾನೆ. ಆ ವರ್ಷ ನಿನಗೆ ಹೇಗಿತ್ತು ಅಂತ ಅವಳನ್ನು ನಾನು ಯಾವತ್ತೂ ಕೇಳಿಲ್ಲ. ಕೇಳಿದರೆ ನನ್ನ ಕಥೆ ಹಾಳಾಗುತ್ತದೆ ಅಂತ ಇರಬೇಕು.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಹೇಳಬೇಕು ಅಂತ ಕೂತಿದ್ದಲ್ಲ. ಆ ಕಥೆ ಅವಳಿಗೆ ವಾಪಸು ಕೊಟ್ಟುಬಿಟ್ಟರೆ ನನ್ನ ಹತ್ತಿರ ಏನು ಉಳಿಯುತ್ತದೆ ಅನ್ನುವ ಹೆದರಿಕೆ ನನಗೆ. ನನಗೆ ಏನೂ ಆಗಿಲ್ಲ ಕಣೋ. ಡಿಗ್ರಿ, ಕೆಲಸ, ಸೈಟು, ಇಎಂಐ. ಜೇಡ ಕಚ್ಚಲಿಲ್ಲ, ಗ್ರಹ ಸಿಡಿಯಲಿಲ್ಲ. ಜನ ನನ್ನ ಮಾತನ್ನು ಒಂದು ನಿಮಿಷ ತಲೆ ಬಗ್ಗಿಸಿ ಕೇಳುತ್ತಿದ್ದದ್ದು ಅವಳಿಗೆ ಆದದ್ದರಿಂದ. ಅದನ್ನು ಇಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೇನೆ.

ಏನಾಗಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ನಿನಗೆ ಗೊತ್ತು, ಉಳಿದವರಿಗೆ ಬೇಡ.

ಆದರೂ ನೋಡು ನನ್ನ ಬುದ್ಧಿ! ಅಕ್ಕನ ಆ ಒಂದು ಮಾತನ್ನು ಪತ್ರದ ಯಾವ ಜಾಗದಲ್ಲಿ ಇಟ್ಟರೆ ಚೆನ್ನಾಗಿ ತಾಗುತ್ತದೆ ಅಂತ ಲೆಕ್ಕ ಹಾಕಿಯೇ ಇಟ್ಟಿದ್ದೇನೆ. ಮೊದಲು ಆರಂಭದಲ್ಲಿತ್ತು, ಎತ್ತಿ ಇಲ್ಲಿಗೆ ತಂದೆ. ಕೈಲ್ ರೇನರ್‌ಗಾದರೂ ಬರೆಯುವವರು ಬೇರೆ ಇದ್ದರು, ನನಗೆ ಅದಕ್ಕೂ ಜನ ಬೇಕಾಗಿಲ್ಲ. ಪೋಸ್ಟ್ ಮಾಡುವ ಮುಂಚೆ ಅವಳಿಗೆ ಕಳಿಸಿ 'ಹಾಕಲಾ?' ಅಂತ ಕೇಳಿದೆ. 'ಉಪ್ಪಿನಕಾಯಿ ಅಂತ ಬರೀಬೇಡ, ಅಪ್ಪೆಮಿಡಿ ಅಂತ ಬರಿ' ಅಂದಳು. ತಿದ್ದಿದ್ದೇನೆ.

ಸಾಕು. ಪಟ್ಟಿ ತಗೋ, ಬೇಗ ಬೇಗ. ಸೂಪರ್‌ಗರ್ಲ್: ವುಮನ್ ಆಫ್ ಟುಮಾರೊ, ಎಂಟೇ ಸಂಚಿಕೆ, ಬಿಲ್ಕಿಸ್ ಎವ್ಲಿ ಅವರ ಚಿತ್ರಕ್ಕಾಗಿಯೇ ತಗೋ. ಅದರಲ್ಲಿ ನಾಯಿಗೆ ಏಟು ಬೀಳುತ್ತದೆ, ಮೊದಲೇ ಹೇಳಿದ್ದೇನೆ, ಮಧ್ಯರಾತ್ರಿ ಫೋನ್ ಮಾಡಿ ಅಳಬೇಡ. ಮಿಲ್ಲಿ ಆಲ್ಕಾಕ್ ಸೂಪರ್‌ಗರ್ಲ್ ಆಗಿರುವ ಸಿನಿಮಾಕ್ಕೂ ಅದೇ ಆಧಾರ. ಪೀಚ್ ಮೊಮೊಕೊ ಅವರ ಅಲ್ಟಿಮೇಟ್ ಎಕ್ಸ್‌ಮೆನ್, ಜಪಾನಿನ ಶಾಲಾ ಹುಡುಗಿಯರು, ನೀರುಬಣ್ಣ, ದೆವ್ವ. ಅರ್ಧ ಅರ್ಥವಾಗುವುದಿಲ್ಲ, ಪರವಾಗಿಲ್ಲ. ಸ್ಪೈಡರ್‌ಮ್ಯಾನ್ ವಿಷಯ ನನ್ನ ಹತ್ತಿರ ಕೆಲವು ಕಾಲ ಎತ್ತಬೇಡ. ಒಂದೇ ಪುಸ್ತಕಕ್ಕೆ ಹತ್ತು ಥರದ ಮುಖಪುಟ ಮಾಡಿ, ಅರ್ಧದಷ್ಟರಲ್ಲಿ ನಾಯಕಿಯ ಬೆನ್ನುಮೂಳೆ ಮನುಷ್ಯರಿಗೆ ಆಗದ ರೀತಿ ತಿರುಚಿ ಮಾರುತ್ತಾರಲ್ಲ, ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು. ಛತ್ರಿ ವಿಷಯವೂ ಅದರಲ್ಲೇ ಬರುತ್ತದೆ, ಹೆದರಿಕೊಂಡಿರು.

ವಂಡರ್ ವುಮನ್ ಮೊದಲ ಸಂಪುಟ ಕೇಳಬೇಡ, ನನ್ನ ಹತ್ತಿರ ಇಲ್ಲ, ಅಕ್ಕ ಒಯ್ದಿದ್ದಾಳೆ. ಹೇಗಿದೆ ಅಂತ ಕೇಳಿದರೆ, 'ಆ ಕುದುರೆಗೆ ಮೂಳೆ ಬಿಟ್ಟು ಏನೂ ಇಲ್ವಲ್ಲ, ತಿಂದ ಹುಲ್ಲು ಎಲ್ಲಿ ಹೋಗ್ತದೆ?' ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಿನಗೆ ಹೊಳೆದರೆ ಸೀದಾ ಅವಳಿಗೇ ಮೆಸೇಜ್ ಮಾಡು, ನನ್ನನ್ನು ಮಧ್ಯೆ ತರಬೇಡ.

ಇಂತಿ ನಿನ್ನ,
ಮಾಂಡ್ರೇಕ್ (ಟೋಪಿ ಇನ್ನೂ ನಿನ್ನ ಹತ್ತಿರವೇ ಇದೆ)