ಮಾವ ತುಂಬಿಸಿಕೊಟ್ಟ ಕ್ಯಾಸೆಟ್ಟು

ದಾವಣಗೆರೆ,
ಭಾನುವಾರ ಬೆಳಗ್ಗೆ

ಚಿ. ಚೈತ್ರಾಳಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ನಿಮ್ಮತ್ತೆಯ ಮಂಡಿನೋವು ಹಾಗೇ ಇದೆ. ಕುಂದವಾಡ ಕೆರೆ ಸುತ್ತೋಕೆ ಬರೋದನ್ನು ಬಿಟ್ಟಿದ್ದಾಳೆ. ಹಾಗಾಗಿ ಬೆಳಗಿನ ಒಂದು ಗಂಟೆ ನನ್ನ ಕಿವಿ ನನ್ನದೇ. ಇಯರ್‌ಫೋನ್ ಸಿಕ್ಕಿಸಿಕೊಂಡು ಹೊರಟುಬಿಡುತ್ತೇನೆ. ಈ ವಯಸ್ಸಲ್ಲಿ ಇದೇನು ವೇಷ ಅನ್ನುವವರು ಅನ್ನಲಿ.

ನೀನು ಕಳಿಸಿದ ಹಾಡನ್ನು ಅಲ್ಲೇ ಕೇಳಿದೆ, ನಾಲ್ಕು ಸಲ. ಫೋನಿನಲ್ಲಿ "ಚೆನ್ನಾಗಿದೆ" ಅಂದೆನಲ್ಲ, ಅದು ಅರ್ಧ ನಿಜ. ಬೇಜಾರು ಮಾಡ್ಕೋಬೇಡ, ಉಳಿದರ್ಧ ಹೇಳೋಕೇ ಈ ಕಾಗದ. ಹಾಡು ತುಂಬಾ ನೀಟಾಗಿದೆ. ಫಿನಾಯಿಲ್ ಹಾಕಿ ಒರೆಸಿದ ಆಸ್ಪತ್ರೆ ನೆಲದ ಹಾಗೆ. ಇದನ್ನು ದಾವಣಗೆರೆ ಹುಡುಗಿ ಬೆಂಗಳೂರಿನ ಪಿಜಿಯಲ್ಲಿ ಕೂತು ಮಾಡಿದ್ದು ಅಂತ ಹೇಳೋಕೆ ಒಂದು ಗುರುತೂ ಸಿಗಲಿಲ್ಲ. ಐದನೇ ಸೆಕೆಂಡಿಗೇ ಪಲ್ಲವಿ ಬಂದುಬಿಡುತ್ತೆ. ಯಾಕೆ ಅಂದ್ರೆ ಮೂವತ್ತು ಸೆಕೆಂಡ್ ಕೇಳಿದರೆ ಮಾತ್ರ ಸ್ಪಾಟಿಫೈ ಲೆಕ್ಕಕ್ಕೆ ಹಿಡಿಯುತ್ತೆ ಅಂದೆ. ಸರಿಯಮ್ಮ, ವ್ಯಾಪಾರ ನನಗೂ ಗೊತ್ತು. ಮಂಡಕ್ಕಿ ಮಾರುವವನೂ ಮೊದಲು ಒಂದು ಹಿಡಿ ರುಚಿ ತೋರಿಸುತ್ತಾನೆ. ಆದರೆ ಆ ಒಂದು ಹಿಡಿಗೇ ಇದ್ದ ಖಾರವನ್ನೆಲ್ಲ ಸುರಿದರೆ ಪೊಟ್ಟಣದಲ್ಲಿ ಏನುಳೀತು?

"ಮಾವ, ಈಗ ನೀವೇನು ಕೇಳ್ತಿದ್ದೀರಿ, ಒಂದು ಲಿಸ್ಟ್ ಕಳಿಸಿ" ಅಂದೆಯಲ್ಲ. ಆ ಮಾತು ಕೇಳಿ ಎಷ್ಟು ವರ್ಷ ಆಗಿತ್ತು! ಮಂಡಿಪೇಟೆ ಓಣಿಯಲ್ಲಿ ನನ್ನ ರೆಕಾರ್ಡಿಂಗ್ ಅಂಗಡಿ ಇದ್ದಾಗ ಜನ ಚೀಟಿ ತಂದು ಕೊಡೋರು. ಅರವತ್ತರ ಕ್ಯಾಸೆಟ್ಟಿಗೆ ಒಂದೊಂದು ಸೈಡಿಗೆ ಮೂವತ್ತು ನಿಮಿಷ. ಕೊನೆ ಹಾಡು ಅರ್ಧಕ್ಕೆ ಕತ್ತರಿಸದ ಹಾಗೆ ಕೂಡಿ ಕಳೆದು ತುಂಬಿಸಿಕೊಡಬೇಕಿತ್ತು. ಚೀಟಿಯಲ್ಲಿ ಇಲ್ಲದ ಒಂದು ಹಾಡನ್ನು ಕೊನೆಗೆ ನಾನೇ ಸೇರಿಸುತ್ತಿದ್ದೆ. ವಾಪಸ್ ಬಂದು "ಅದ್ಯಾವ ಹಾಡು ಸಾರ್" ಅಂತ ಕೇಳಿದವನೇ ನನ್ನ ಖಾಯಂ ಗಿರಾಕಿ. (ಹಾಗೆ ತುಂಬಿಸಿ ಮಾರೋದು ಕಾನೂನಿಗೆ ವಿರುದ್ಧ ಅಂತ ಗೊತ್ತಿರಲಿಲ್ಲ ಅಂದರೆ ನೀನು ನಂಬಲ್ಲ, ಬಿಡು.)

ಈಗ ನಿನ್ನ ಲಿಸ್ಟು. ಬಿಲ್ಲಿ ಐಲಿಷ್ ಬಗ್ಗೆ ನಿನಗೆ ನಾನು ಹೇಳಬೇಕಿಲ್ಲ. 2024ರ 'ಬರ್ಡ್ಸ್ ಆಫ್ ಎ ಫೆದರ್' ನಿನ್ನ ರಿಂಗ್‌ಟೋನೇ ಆಗಿದೆ. ಆದರೆ ಒಮ್ಮೆ ಹಿಂದಕ್ಕೆ ಹೋಗಿ 2019ರ 'ಬ್ಯಾಡ್ ಗಾಯ್' ಕೇಳು. ಈ ಸಲ ಅವಳ ದನಿ ಬಿಟ್ಟು ತಾಳದ ಕಡೆ ಕಿವಿಯಿಡು. ಟಕಟಕ ಅಂತ ಒಂದು ಸದ್ದು ಸಿಗುತ್ತೆ. ಆಸ್ಟ್ರೇಲಿಯಾದಲ್ಲಿ ಜನ ರಸ್ತೆ ದಾಟುವಾಗ ಸಿಗ್ನಲ್ ಕಂಬ ಹೊಡೆಯುವ ಸದ್ದು ಅದು. ಅದನ್ನು ಅವಳು ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದಳು. ಆ ಹಾಡಿರುವ ಆಲ್ಬಮ್ ಮಾಡಿದ್ದು ಲಾಸ್ ಏಂಜಲೀಸಿನ ಅಪ್ಪ ಅಮ್ಮನ ಮನೆಯಲ್ಲಿ, ಅಣ್ಣ ಫಿನಿಯಸ್ ಮಲಗುವ ಕೋಣೆಯಲ್ಲಿ. 2020ರ ಗ್ರ್ಯಾಮಿಯಲ್ಲಿ ನಾಲ್ಕೂ ದೊಡ್ಡ ಪ್ರಶಸ್ತಿ ಆ ಕೋಣೆಗೇ ಬಂದವು. ನಿನ್ನ ರೂಮಿನ ಗೋಡೆ ತೆಳ್ಳಗಿದೆ, ಪಕ್ಕದವರ ಮಿಕ್ಸಿ ಮೈಕಿಗೆ ಬರುತ್ತೆ ಅಂತ ಅತ್ತೆಯ ಹತ್ತಿರ ಗೊಣಗಿದ್ದೆಯಂತೆ. ಬರಲಿ ಬಿಡು. ಆ ಮಿಕ್ಸಿ ಯಾವ ಶ್ರುತಿಯಲ್ಲಿದೆ ಅಂತ ನೋಡಿದ್ದೀಯಾ?

ಎಲೆಕ್ಟ್ರಾನಿಕ್ ಅಂದರೆ ನಮ್ಮೂರಿನವರಿಗೆ ಗಣಪತಿ ಬಿಡುವ ದಿನ ಕಿಟಕಿ ಗಾಜು ಅಲ್ಲಾಡಿಸುವ ಡಿಜೆ. ನಾನೂ ಹಾಗೇ ಅಂದುಕೊಂಡಿದ್ದೆ. ಫ್ರೆಡ್ ಅಗೇನ್ ಅನ್ನುವ ಇಂಗ್ಲೆಂಡಿನ ಹುಡುಗ ಆ ಎಣಿಕೆ ತಪ್ಪಿಸಿದ. ಗೆಳೆಯರು ಫೋನಿನಲ್ಲಿ ಆಡಿದ ಮಾತು, ಇನ್‌ಸ್ಟಾಗ್ರಾಮಿನಲ್ಲಿ ಯಾರೋ ಹಾಕಿದ ತುಣುಕು, ಇಂಥವನ್ನೇ ಎತ್ತಿಕೊಂಡು ಅವನು ಹಾಡು ಕಟ್ಟುತ್ತಾನೆ. 2021ರ 'ಮರಿಯಾ' ಕೇಳು. ಅದರಲ್ಲಿರೋದು ಹಾಡಲ್ಲ, ಮಾತು. ಒಬ್ಬ ಗೆಳತಿ ಕೊರೊನಾ ಕಾಲದಲ್ಲಿ ಏನೇನು ಕಳಕೊಂಡೆವು ಅಂತ ಹೇಳುತ್ತಾ ಹೋಗುತ್ತಾಳೆ. ಜನ ಸೇರಿ ಕುಣಿಯೋದು ನಿಂತುಹೋದ ಸಂಕಟ ಅದು. ಕೆಳಗೆ ತಾಳ ನಿಧಾನಕ್ಕೆ ಏರುತ್ತಾ ಬರುತ್ತೆ. ಆ ವರ್ಷ ನಿನ್ನ ದೊಡ್ಡಣ್ಣನ ಮದುವೆ ಹನ್ನೆರಡು ಜನರಲ್ಲಿ ಮುಗೀತಲ್ಲ, ವಾಲಗದವರೂ ಇರಲಿಲ್ಲ. ಕೆರೆ ಏರಿಯ ಮೇಲೆ ನಿಂತು ಆ ಹಾಡು ಕೇಳಿ ನನಗೆ ಗಂಟಲು ಕಟ್ಟಿತು. ಇಂಗ್ಲಿಷ್ ಪೂರ್ತಿ ತಿಳಿಯದಿದ್ದರೂ.

ಅದೇ ದಾರಿಯಲ್ಲಿ ಫೋರ್ ಟೆಟ್ ಅನ್ನುವವನ 'ಮಾರ್ನಿಂಗ್/ಈವ್ನಿಂಗ್'. 2015ರದ್ದು, ಹೊಸದಲ್ಲ ಅಂತ ಮುಖ ತಿರುಗಿಸಬೇಡ. ಇಡೀ ಆಲ್ಬಮ್ಮಿಗೆ ಎರಡೇ ಹಾಡು, ಒಂದೊಂದೂ ಇಪ್ಪತ್ತು ನಿಮಿಷದ್ದು. ಬೆಳಗಿನದು ಒಂದು ಸೈಡು, ಸಂಜೆಯದು ಇನ್ನೊಂದು ಸೈಡು. ಬೆಳಗಿನ ಸೈಡಿನಲ್ಲಿ ಲತಾ ಮಂಗೇಶ್ಕರ್ ದನಿ ಮಂಜಿನಿಂದ ಬಂದ ಹಾಗೆ ಬರುತ್ತೆ. 1983ರ ಹಿಂದಿ ಸಿನಿಮಾವೊಂದರ ಹಾಡಿನ ತುಣುಕು ಅದು. ಅವನ ತಾಯಿ ದಕ್ಷಿಣ ಆಫ್ರಿಕಾದ ಭಾರತೀಯ ಮನೆತನದವರು. ಅಜ್ಜ ತೀರಿಕೊಂಡ ಮೇಲೆ ಅವರ ಹಳೇ ರೆಕಾರ್ಡುಗಳು ಮೊಮ್ಮಗನ ಪಾಲಿಗೆ ಬಂದವಂತೆ. ಇದನ್ನು ಬಸ್ಸಿನಲ್ಲಿ ಕೇಳಬೇಡ. ಕೂತು ಕೇಳು, ಫೋನ್ ಬೋರಲು ಹಾಕಿ.

ಇನ್ನೊಬ್ಬರು ಚರಣ್‌ಜಿತ್ ಸಿಂಗ್. ಬಾಂಬೆ ಸಿನಿಮಾಗಳಿಗೆ ವಾದ್ಯ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ವಾದ್ಯಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಅದು ಮತ್ತೆ ಹೊರಬಂದಾಗ, ಶಿಕಾಗೋದವರು 1987ರಲ್ಲಿ ಹೊರತಂದ ಆ್ಯಸಿಡ್ ಹೌಸ್ ಅನ್ನುವ ಕುಣಿತದ ಸಂಗೀತ ಇವರ ಹತ್ತಿರ ಮೊದಲೇ ಇತ್ತಲ್ಲ ಅಂತ ಜನ ಬೆರಗಾದರು. ನನ್ನ ಅಂಗಡಿಗೆ ಆ ಕ್ಯಾಸೆಟ್ ಬಂದಿದ್ದರೆ ನಾನೂ ಮೂಲೆಗೆ ಎಸೆಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಹನುಮಾನ್‌ಕೈಂಡ್ 'ಬಿಗ್ ಡಾಗ್ಸ್' ಬಂದಾಗ (2024, ಜುಲೈ) ಅದನ್ನು ನನಗೆ ತೋರಿಸಿದವಳು ನೀನೇ. ಕೇರಳದಲ್ಲಿ ಹುಟ್ಟಿ ಹ್ಯೂಸ್ಟನ್‌ನಲ್ಲಿ ಬೆಳೆದ ಹುಡುಗ. ರ‍್ಯಾಪ್ ನನಗೆ ಅಷ್ಟಕ್ಕಷ್ಟೇ. ಆದರೆ ವಿಡಿಯೋ ನೋಡಿ ಎದ್ದು ಕೂತೆ. ಪೊನ್ನಾನಿಯಲ್ಲಿ ಸಾವಿನ ಬಾವಿ ಹಾಕಿದ್ದಾರೆ, ಹಲಗೆ ಗೋಡೆಯ ಮೇಲೆ ಬೈಕು ಕಾರು ಸುತ್ತುತ್ತಿವೆ, ಇವನು ತಳದಲ್ಲಿ ನಿಂತು ಹಾಡುತ್ತಾನೆ. ನಮ್ಮ ದುಗ್ಗಮ್ಮನ ಜಾತ್ರೆಯಲ್ಲಿ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ್ದೆನಲ್ಲ, ಅದೇ ಬಾವಿ. ನೀನು ಹೆದರಿ ನನ್ನ ಕೂದಲು ಹಿಡಿದೆಳೆದಿದ್ದೆ. ಆಗ ಇನ್ನೂ ಕೂದಲಿತ್ತು. ಹಲಗೆ ಗಡಗಡ ಅನ್ನೋದು, ಪೆಟ್ರೋಲ್ ವಾಸನೆ, ಬೈಕಿನವನು ಕೈಬಿಟ್ಟು ಹತ್ತು ರೂಪಾಯಿ ನೋಟು ಕಿತ್ತುಕೊಂಡು ಹೋಗೋದು. ಎಲ್ಲರ ಊರಿನಲ್ಲೂ ಇದ್ದ ವಸ್ತು. ಅವನು ಎತ್ತಿಕೊಂಡ, ಅಮೆರಿಕದವರೆಗೂ ಮುಟ್ಟಿತು. ಇಂಗ್ಲಿಷಿನಲ್ಲಿ ಬರೆಯಬೇಡ ಅಂತ ನಿನಗೆ ನಾನು ಅನ್ನೋದಿಲ್ಲ. ಅವನು ಹಾಡಿದ್ದೂ ಇಂಗ್ಲಿಷೇ.

ಇಂಡಿ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದ ಸಂಗೀತದಲ್ಲಿ, ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿ ಅನ್ನುವ ಬ್ಯಾಂಡ್. ಹೆಸರು ನೋಡಿ ಯಾವುದೋ ನಮ್ಮಂಥ ಅಂಗಡಿ ಅಂದುಕೊಂಡಿದ್ದೆ! 2019ರ 'ಫ್ಲೋಟೆಡ್ ಬೈ' ಹಾಡಿನ ವಿಡಿಯೋದಲ್ಲಿರೋದು ಗಾಯಕನ ಸ್ವಂತ ಮದುವೆ. ತುತ್ತೂರಿ ಕೇಳಿದರೆ ಬ್ಯಾಂಡ್‌ಸೆಟ್ಟಿನವರು ದಿಬ್ಬಣ ಮುಗಿಸಿ ದಣಿದು ನುಡಿಸಿದ ಹಾಗಿದೆ. ಹಿಡಿಸಿದರೆ 2024ರ 'ಬೀಟಾ' ಆಲ್ಬಮ್ ಪೂರ್ತಿ ಕೇಳು. ಟೆಕ್ಸಸ್‌ನ ಕ್ರುವಾಂಗ್‌ಬಿನ್ ಕೂಡ ಇರಲಿ. ಮೂರೇ ಜನ, ಒಂದು ಹಳೇ ಕೊಟ್ಟಿಗೆಯಲ್ಲಿ ಕೂತು ನುಡಿಸಿ ಬೆಳೆದವರು. ಥಾಯ್ಲೆಂಡಿನ ಹಳೇ ಕ್ಯಾಸೆಟ್ ಹಾಡುಗಳ ಹುಚ್ಚು ಹಿಡಿದು ಬ್ಯಾಂಡಿಗೆ ಥಾಯ್ ಭಾಷೆಯಲ್ಲಿ 'ವಿಮಾನ' ಅಂತಲೇ ಹೆಸರಿಟ್ಟರು. ಅವರ 'ಮೇ ನೈನ್ತ್' ಮಧ್ಯಾಹ್ನದ ನಿದ್ದೆಗೆ ಒಳ್ಳೇದು. ಮಿಟ್ಸ್ಕಿ ಅನ್ನುವ ಗಾಯಕಿಯ 'ಮೈ ಲವ್ ಮೈನ್ ಆಲ್ ಮೈನ್' ಎರಡೂಕಾಲು ನಿಮಿಷಕ್ಕೆ ಮುಗಿದುಹೋಗುತ್ತೆ. ಅವಸರವೇ ಇಲ್ಲ ನೋಡು ಅದರಲ್ಲಿ. ಚಿಕ್ಕ ಹಾಡು ಅಂದರೆ ಓಡಲೇಬೇಕು ಅಂತ ನಿನಗ್ಯಾರು ಹೇಳಿಕೊಟ್ಟರೋ.

ರೋಸೆ ಮತ್ತು ಬ್ರೂನೋ ಮಾರ್ಸ್‌ರ 'ಎಪಿಟಿ'ಯನ್ನು ನಮ್ಮನೆ ಎದುರಿನ ಮಕ್ಕಳೆಲ್ಲ ಕೂಗುತ್ತಿರುತ್ತಾರೆ. ಕೊರಿಯಾದವರ ಕುಡಿತದ ಆಟದಿಂದ ಎತ್ತಿದ್ದು ಅಂತ ಅವರಮ್ಮಂದಿರಿಗೆ ನಾನು ಹೇಳಿಲ್ಲ. ಚಾರ್ಲಿ ಎಕ್ಸ್‌ಸಿಎಕ್ಸ್‌ಳ 'ಬ್ರ್ಯಾಟ್' ಆಲ್ಬಮ್ ನನ್ನ ಕಿವಿಗೆ ಸ್ವಲ್ಪ ಚುಚ್ಚುತ್ತೆ. ಆದರೂ ಅದರ 'ಗರ್ಲ್, ಸೋ ಕನ್‌ಫ್ಯೂಸಿಂಗ್' ಅನ್ನು ಎರಡು ಸಲ ಕೇಳು. ಮೊದಲಿನದರಲ್ಲಿ ಅವಳು ಇನ್ನೊಬ್ಬ ಗಾಯಕಿಯ ಬಗ್ಗೆ ಒಳಗಿದ್ದ ಕಸಿವಿಸಿಯನ್ನೆಲ್ಲ ಹೇಳಿಕೊಳ್ಳುತ್ತಾಳೆ. ಕೆಲವೇ ದಿನಕ್ಕೆ ಬಂದ ರೀಮಿಕ್ಸಿನಲ್ಲಿ ಆ ಗಾಯಕಿ, ಲಾರ್ಡ್, ತಾನೇ ಬಂದು ಉತ್ತರ ಹಾಡುತ್ತಾಳೆ. ತನಗೂ ಒಳಗೆ ಏನಿತ್ತು ಅಂತ ಬಿಚ್ಚಿ ಹೇಳುತ್ತಾಳೆ. ನಿನ್ನ ಜೊತೆ ಹಾಡುತ್ತಿದ್ದ ಹುಡುಗಿ ಮಾತು ಬಿಟ್ಟು ಐದು ತಿಂಗಳಾಯಿತಂತೆ. ಅವಳಿಗೆ ಈ ಎರಡನ್ನೂ ಸುಮ್ನೆ ಕಳಿಸು. ಜೊತೆಗೆ ಏನೂ ಬರೆಯಬೇಡ.

ಕನ್ನಡಕ್ಕೆ ಬಂದರೆ, 2023ರಲ್ಲಿ 'ಸಪ್ತ ಸಾಗರದಾಚೆ ಎಲ್ಲೋ' ಸೈಡ್ ಎ, ಸೈಡ್ ಬಿ ಅಂತ ಎರಡು ಭಾಗವಾಗಿ ಬಂದಾಗ ನನ್ನಂಥವನಿಗೆ ಹಬ್ಬ. ಚರಣ್ ರಾಜ್ ಸಂಗೀತದಲ್ಲಿ ಎಲ್ಲಿ ಸುಮ್ಮನಾಗುತ್ತಾನೆ ಅನ್ನೋದನ್ನು ಗಮನಿಸು. ಸಂಜಿತ್ ಹೆಗ್ಡೆಯ 'ನಂಗೆ ಅಲ್ಲವಾ' ಸಿನಿಮಾದ ಹಂಗಿಲ್ಲದೆ ಬಂದು ನಮ್ಮೂರ ಆಟೋಗಳವರೆಗೆ ತಲುಪಿತು. ಹಂಗೆ ದಾರಿ ಮಾಡಿಟ್ಟವರು ರಘು ದೀಕ್ಷಿತ್. 2008ರಲ್ಲಿ ನಮ್ಮ ಹಾವೇರಿ ಕಡೆಯ ಶಿಶುನಾಳ ಶರೀಫರ ಪದವನ್ನು ಗಿಟಾರಿಗೆ ಕೂರಿಸಿದಾಗ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದ ನನಗೆ ಹೊಟ್ಟೆ ಉರಿದಿತ್ತು, ಇದನ್ನು ತುಂಬಿಸಿಕೊಡುವ ಭಾಗ್ಯ ತಪ್ಪಿತಲ್ಲ ಅಂತ.

ಲಿಸ್ಟ್ ಇಷ್ಟೇ. ಚೀಟಿಯಲ್ಲಿ ಇಲ್ಲದ ಒಂದನ್ನು ಕೊನೆಗೆ ಸೇರಿಸಿದ್ದೇನೆ. ಈ ಕಾಗದದ ಜೊತೆ ಒಂದು ಕ್ಯಾಸೆಟ್ ಇದೆ ನೋಡು. ಅಟ್ಟ ಗುಡಿಸುವಾಗ ಸಿಕ್ಕಿತು. ಹೊದಿಕೆಯ ಮೇಲೆ 'ಅವ್ವ, 1994' ಅಂತ ನನ್ನ ಅಕ್ಷರ.

ನಿಮ್ಮಜ್ಜಿ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ಸೋಬಾನೆ ಪದ ಹೇಳೋಳು. ಕೈ ತಾಳ ಹಾಕೋದು, ಬಾಯಿ ಹಾಡೋದು. ನಾನು ಅಂಗಡಿಯಿಂದ ಒಳ್ಳೇ ಮೈಕ್ ತಂದು ಇಟ್ಟು, "ಅವ್ವ, ಸ್ವಲ್ಪ ಹೊತ್ತು ರೊಟ್ಟಿ ನಿಲ್ಸು, ಸದ್ದು ಬರ್ತದೆ" ಅಂದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಫೋಟೋಕ್ಕೆ ಕೂತ ಹಾಗೆ ಕೂತು ಹಾಡಿದಳು. ರೆಕಾರ್ಡಿಂಗ್ ಎಷ್ಟು ಕ್ಲೀನಾಗಿದೆ ಅಂದರೆ ಅದು ಅವಳ ದನಿ ಅಂತ ನಂಬೋಕೇ ಆಗಲ್ಲ. ಬಿಗಿದುಕೊಂಡಿದ್ದಾಳೆ. ಎರಡು ಕಡೆ ಪದ ಮರೆತಿದ್ದಾಳೆ. ಕೈ ಖಾಲಿ ಇದ್ದರೆ ಬಾಯಿಗೆ ಹೇಗೆ ನೆನಪಾಗಬೇಕು?

ಹಾಡು ಮುಗಿದ ಮೇಲೆ ನಾನು ಬಟನ್ ಒತ್ತೋದು ತಡವಾಗಿದೆ. ಹನ್ನೊಂದು ಸೆಕೆಂಡ್. ಎಣಿಸಿದ್ದೇನೆ. "ಆತೇನೋ?" ಅಂತ ಕೇಳುತ್ತಾಳೆ. ಬಳೆ ಸದ್ದು. ಆಮೇಲೆ ಹಲಗೆಯ ಮೇಲೆ ರೊಟ್ಟಿ ಬಡಿಯೋದು ಶುರುವಾಗುತ್ತೆ. ನಾಲ್ಕು ಏಟು, ಐದನೆಯದಕ್ಕೆ ಟೇಪು ಕಟ್.

ಆ ಹನ್ನೊಂದು ಸೆಕೆಂಡ್ ನಿನಗೆ. ಬೇಕಾದ ಹಾಗೆ ಬಳಸಿಕೋ. ಡೆಕ್ ಯಾರ ಹತ್ತಿರವಾದರೂ ಸಿಕ್ಕರೆ ಮೊದಲು ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸು, ಆಮೇಲೆ ಹಾಕು. ಟೇಪು ಸವೆದಿದೆ. ಹಿಂದಕ್ಕೆ ಸುತ್ತೋಕೆ ಬಟನ್ ಒತ್ತಬೇಡ, ಪೆನ್ಸಿಲ್ ಸಾಕು. ಕೆಲಸ ಮುಗಿದ ಮೇಲೆ ಕ್ಯಾಸೆಟ್ ವಾಪಸ್ ಬೇಕು ನನಗೆ. ಪೋಸ್ಟಿನಲ್ಲಿ ಕಳಿಸಬೇಡ, ಹಬ್ಬಕ್ಕೆ ಬರುವಾಗ ನೀನೇ ತಾ.

ಇಂತಿ,
ನಿನ್ನ ಮಾವ