ಪ್ರಮೋದನಿಗೆ, ಮಂಡಿಯ ಕಂಪ್ಯೂಟರ್ ವಿಷಯ

ಚಿ. ಪ್ರಮೋದನಿಗೆ ಮಾವನ ಆಶೀರ್ವಾದಗಳು.

ಅಡಿಕೆ ಮಂಡಿಗೆ ಹೊಸ ಸಿಸ್ಟಂ ಹಾಕಿಸುತ್ತೀಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಎಲ್ಲ ಕ್ಲೌಡಿನಲ್ಲೇ, ಅಂದರೆ ನೆಟ್ ಮೂಲಕ ದೂರದ ಕಂಪ್ಯೂಟರಿನಲ್ಲೇ, ತಿಂಗಳ ಬಾಡಿಗೆ ಕಟ್ಟಿದರೆ ಸಾಕು, ಮಂಡಿಯಲ್ಲಿ ಸರ್ವರೇ ಬೇಡ ಅಂತ ಆ ಕಂಪನಿಯವರು ಅಂದಿದ್ದಾರಂತೆ. ಅಡ್ವಾನ್ಸ್ ಕೊಡುವ ಮೊದಲು ನನ್ನ ಮಾತು ಸ್ವಲ್ಪ ಕೇಳು.

ನಾನು ಲೆಕ್ಕ ಬರೆಯುತ್ತಿದ್ದ ಮಂಡಿಯಲ್ಲಿ ಫಾಕ್ಸ್‌ಪ್ರೋ ಅನ್ನುವ ಸಾಫ್ಟ್‌ವೇರಿನಲ್ಲಿ ಬರೆಸಿದ, ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ಹಳೇ ಪ್ರೋಗ್ರಾಂ ಇತ್ತು. ವರ್ಷಗಟ್ಟಲೆ ಕೈಕೊಡಲಿಲ್ಲ. ಒಂದು ಮಳೆಗಾಲ ಸಿಡಿಲಿಗೆ ಕಂಪ್ಯೂಟರೇ ಸುಟ್ಟುಹೋಯಿತು. ಹೊಸದು ತಂದರೆ ಅದರಲ್ಲಿ 64 ಬಿಟ್ ವಿಂಡೋಸ್, ಆ ಪ್ರೋಗ್ರಾಂ ಶುರುವೇ ಆಗಲಿಲ್ಲ. ಬರೆದುಕೊಟ್ಟ ಹುಡುಗ ಊರು ಬಿಟ್ಟಿದ್ದ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ದಪ್ಪ ಕೇಬಲ್ ಸಿಕ್ಕಿಸಲು ಹೊಸದರಲ್ಲಿ ಜಾಗವೇ ಇಲ್ಲ, ಹೊರಗೆ ಜಗಲಿಯಲ್ಲಿ ರೈತರು ಮಾರಾಟದ ಪಟ್ಟಿಗಾಗಿ ಕಾಯುತ್ತಾ ಕೂತಿದ್ದಾರೆ. ನಾಲ್ಕು ದಿನ ಕೈಯಲ್ಲೇ ಬರೆದೆ. ಉಳಿಸಿದ್ದು ಏನು ಗೊತ್ತಾ? ಖಾತೆಗಳೆಲ್ಲ ಡಿಬಿಎಫ್ ಅನ್ನುವ, ಬೇರೆ ಪ್ರೋಗ್ರಾಂಗಳೂ ಓದಬಲ್ಲ ಫೈಲುಗಳಲ್ಲಿದ್ದವು, ಪೆನ್‌ಡ್ರೈವಿನಲ್ಲಿ ಬ್ಯಾಕಪ್ ಇತ್ತು. ಎಕ್ಸೆಲ್‌ನಲ್ಲಿ ತೆರೆದರೆ ಪ್ರತಿಯೊಬ್ಬರ ಬಾಕಿಯೂ ಸಾಲಾಗಿ ಬಂತು. ಅವತ್ತು ಕಣ್ಣಲ್ಲಿ ನೀರು ಬಂದಿತ್ತು. ವಿಳಾಸಗಳನ್ನು ಮಾತ್ರ ಬೇರೆಯಾಗಿ ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದೆವು, ಅವು ಕನ್ನಡವಾಗಿ ಕಾಣಲೇ ಇಲ್ಲ. ಅದಕ್ಕೇ ಹೇಳುತ್ತೇನೆ, ನಿನ್ನ ಸಿಸ್ಟಂನಲ್ಲಿ ಕನ್ನಡ ಇದ್ದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್‌ನಲ್ಲೇ ಇರಬೇಕು.

ಹಾಗಾಗಿ ಮೊದಲ ಪ್ರಶ್ನೆ ಇದನ್ನೇ ಕೇಳು: ನಾಳೆ ನಾನು ನಿಮ್ಮನ್ನು ಬಿಟ್ಟರೆ ನನ್ನ ಲೆಕ್ಕ ನನಗೆ ಹೇಗೆ ಸಿಗುತ್ತದೆ? ಪಿಡಿಎಫ್ ಕೊಡುತ್ತೇವೆ ಅಂದರೆ ಒಪ್ಪಬೇಡ, ಅದು ಓದೋಕಷ್ಟೇ, ಲೆಕ್ಕ ಮುಂದುವರಿಸೋಕೆ ಆಗದು. ಒಂದೊಂದು ನಮೂದೂ ಎಕ್ಸೆಲ್ ಅಥವಾ ಅದರಲ್ಲೇ ತೆರೆಯುವ ಸಿಎಸ್‌ವಿ ಫೈಲಿನಲ್ಲಿ ಬರಬೇಕು. ಡೆಮೋ ದಿನವೇ ಹತ್ತು ಬಿಲ್ ಹಾಕಿ, ನೀನೇ ತೆಗೆದು ನೋಡು. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡಬೇಕಾದ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು, ಅಲ್ವಾ? ಬಾಡಿಗೆ ನಿಲ್ಲಿಸಿದ ಮೇಲೆ ಅಷ್ಟು ದಿನ ಅವರು ಇಟ್ಟುಕೊಡುತ್ತಾರಾ ಅಂತ ಬರೆಸಿಕೋ.

ಕ್ಲೌಡ್ ಬೇಡ ಅನ್ನುತ್ತಿಲ್ಲ. ಸರಕು ಸಾಗಿಸುವ ಇ-ವೇ ಬಿಲ್ಲಿಗೆ ನೆಟ್ ಹೇಗೂ ಬೇಕು. ಆದರೆ ನಮ್ಮ ಶಿರಸಿಯಲ್ಲಿ ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ದೂರದಿಂದ ಅಡಿಕೆ ತಂದ ರೈತನನ್ನು ನೆಟ್ ಇಲ್ಲ ಅಂತ ವಾಪಸ್ ಕಳಿಸೋಕಾಗುತ್ತಾ? ತೂಕ, ಪಟ್ಟಿ, ರೈತರ ಖಾತೆ ಮಂಡಿಯ ಕಂಪ್ಯೂಟರಿನಲ್ಲೇ ನಡೆಯಲಿ, ಯುಪಿಎಸ್ ಇರಲಿ, ನೆಟ್ ಬಂದಾಗ ನಕಲು ಕ್ಲೌಡಿಗೆ ಹೋಗಲಿ. ಲೆಕ್ಕವನ್ನೆಲ್ಲ ಕೂಡಿಡುವ ಡೇಟಾಬೇಸ್ ಪೋಸ್ಟ್‌ಗ್ರೆಸ್ ಅನ್ನುವುದಾದರೆ ನನಗೆ ಸಮಾಧಾನ. ಲೈಸೆನ್ಸ್ ದುಡ್ಡಿಲ್ಲ, ವಿಂಡೋಸ್, ಲಿನಕ್ಸ್ ಎರಡರಲ್ಲೂ ಓಡುತ್ತದೆ, ಒಬ್ಬ ಬಿಟ್ಟುಹೋದರೆ ಗೊತ್ತಿರುವ ಇನ್ನೊಬ್ಬ ಸಿಗುತ್ತಾನೆ.

ಹಾಂ, ಹಳೇ ವಿಂಡೋಸ್ 10 ಕಂಪ್ಯೂಟರ್ ಸುಮ್ನೆ ಮುಂದುವರಿಸಬೇಡ. ಅದಕ್ಕೆ ಸುರಕ್ಷತೆಯ ಅಪ್‌ಡೇಟ್ ಕೊಡುವ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಭಾನುವಾರ ಬರುವಾಗ ಆ ಕಂಪನಿಯ ಕರಾರು ಪತ್ರ ತಗೊಂಡು ಬಾ. ಸಹಿ ಹಾಕಬೇಡ, ಇಬ್ಬರೂ ಕೂತು ಓದೋಣ.

ನಿನ್ನ ಮಾವ