ಫೋನಿಗೆ ಹೇಳಿಕೊಳ್ಳುವ ಮೊದಲು

ಪ್ರೀತಿಯ ಗೆಳತಿ,

ನಡೆಯುವಾಗ ಹೊಳೆದ ಸಾಲು ಮನೆಗೆ ಬಂದು ಪೆನ್ನು ಹಿಡಿಯುವಷ್ಟರಲ್ಲಿ ಹಾರಿಹೋಗುತ್ತದೆ, ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಅಕ್ಷರಕ್ಕೂ ಇಳಿಸಿಕೊಡುವ ವಾಯ್ಸ್ ಜರ್ನಲ್ ಆ್ಯಪ್ ಹಾಕಿಕೊಳ್ಳಲಾ ಅಂತ ನೀನು ಕೇಳಿದ್ದೆ. ಹಾಕಿಕೋ. ಆದರೆ ಒಂದು ಮಾತು. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುವ ಸಣ್ಣ ಅನುಮಾನ ಇದ್ದರೂ ಸಾಕು, ನಾವು ತಿದ್ದಿ ತೀಡಿ ಮಾತಾಡೋಕೆ ಶುರು ಮಾಡುತ್ತೇವೆ.

ಅದಕ್ಕೇ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯಾ ನೋಡಿಕೊಂಡು, ಒಂದು ನಿಮಿಷ ಮಾತಾಡು. ಆಗಲೂ ಮಾತು ಅಕ್ಷರವಾಗಿ ಬಂದರೆ ಆ ಕೆಲಸ ಫೋನಿನಲ್ಲೇ ನಡೆಯುತ್ತಿದೆ. ಬರಲಿಲ್ಲವಾ, ನಿನ್ನ ದನಿ ಎಲ್ಲೋ ಇರುವ ಸರ್ವರ್‌ಗೆ ಹೋಗಿ ಬರುತ್ತಿದೆ ಅಂದುಕೋ. 2022ರಲ್ಲಿ ಎಐ ಕಂಪನಿ ಓಪನ್‌ಎಐ ಮಾತನ್ನು ಅಕ್ಷರಕ್ಕೆ ಇಳಿಸುವ ತನ್ನ ವಿಸ್ಪರ್ ಮಾಡೆಲನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು, ಅದನ್ನು ಇಂಟರ್ನೆಟ್ ಇಲ್ಲದೆ ಫೋನಿನಲ್ಲೇ ಓಡಿಸುವ ಆ್ಯಪ್‌ಗಳು ಹುಡುಕಿದರೆ ಸಿಗುತ್ತವೆ. ಅಷ್ಟಕ್ಕೇ ಬಿಡಬೇಡ. ಬ್ಯಾಕಪ್ ಎಲ್ಲಿಗೆ ಹೋಗುತ್ತದೆ, ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ಆ್ಯಪ್ ಕಂಪನಿಗೂ ತೆರೆಯಲಾಗದ ಬೀಗ) ಇದೆಯಾ, ಆಡಿಯೋ ಫೈಲನ್ನು ಹೊರಗೆ ತೆಗೆದಿಟ್ಟುಕೊಳ್ಳಬಹುದಾ, ಇವನ್ನೂ ನೋಡು. ನಾನು ನೋಡಿರಲಿಲ್ಲ. ಒಂದು ಆ್ಯಪ್ ಮುಚ್ಚಿಹೋದಾಗ ನನ್ನ ಎರಡು ವರ್ಷದ ಮಾತು ಅದರ ಜೊತೆಗೇ ಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನು, ಅಕ್ಷರಕ್ಕೆ ಇಳಿದದ್ದನ್ನು ಪೂರ್ತಿ ನಂಬಬೇಡ. "ಬೆಳೆ" ಅಂದದ್ದು "ಬೆಲೆ" ಆಗಿ ಬರುವುದುಂಟು, ಅದು ಬಿಡು, ತಿದ್ದಬಹುದು. ನನಗೆ ಭಯ ಇರುವುದು ಮಾತನ್ನು ಚೊಕ್ಕ ಮಾಡಿಕೊಡುವ ಸೌಲಭ್ಯದ್ದು. ಒಂದು ರಾತ್ರಿ ಹೀಗೆ ಹೇಳಿಕೊಂಡಿದ್ದೆ: "ಅವಳು ಬಾಗಿಲು ಹಾಕಿಕೊಂಡಳು... ಇಲ್ಲ, ಹಾಕಿಕೊಳ್ಳಲಿಲ್ಲ, ಸುಮ್ನೆ ಒರಗಿಸಿದಳು." ಆ್ಯಪ್ ಕೊಟ್ಟದ್ದು, "ಅವಳು ಬಾಗಿಲು ಒರಗಿಸಿದಳು." ತಪ್ಪೇನಿಲ್ಲ ಅಲ್ವಾ? ಆದರೆ ನಾನು ಎಡವಿದ ಆ "ಇಲ್ಲ" ಇತ್ತಲ್ಲ, ಕಥೆ ಇದ್ದದ್ದು ಅಲ್ಲೇ. ಅಷ್ಟು ವರ್ಷ ಅವಳು ಬಾಗಿಲು ಹಾಕಿಕೊಂಡಳು ಅಂತಲೇ ನಂಬಿಕೊಂಡು ಬದುಕಿದ್ದೆ, ಬಾಯಿಬಿಟ್ಟು ಹೇಳುವಾಗಲಷ್ಟೇ ಹಾಗಲ್ಲ ಅಂತ ಗೊತ್ತಾಗಿತ್ತು. ಆಡಿಯೋ ಅಳಿಸಿರಲಿಲ್ಲ, ಹಾಗಾಗಿ ಆ ಜಾಗ ಮತ್ತೆ ಸಿಕ್ಕಿತು.

ಆಡಿಯೋ ಇಟ್ಟುಕೋ. ಎರಡು ದಿನದೊಳಗೆ ಇಯರ್‌ಫೋನ್ ಹಾಕಿಕೊಂಡು ಕೇಳು, ಬೇಕಾದ್ದನ್ನು ಕೈಯಲ್ಲೇ ನೋಟ್‌ಬುಕ್ಕಿಗೆ ಇಳಿಸು. ಒಂದೊಂದು ರೆಕಾರ್ಡಿಂಗ್ ಎರಡು ನಿಮಿಷ ದಾಟದಿರಲಿ, ಜಾಸ್ತಿ ಆದರೆ ಮತ್ತೆ ಕೇಳುವುದೇ ಇಲ್ಲ. ಇನ್ನೊಬ್ಬರ ಗುಟ್ಟು ಹೇಳುವಾಗ ಅವರ ಹೆಸರು ಮಾತ್ರ ಬೇಡ, ನಿನ್ನನ್ನು ನಂಬಿ ಹೇಳಿರುತ್ತಾರೆ.

ಮೊದಲ ಕೆಲವು ದಿನ ನಿನ್ನ ದನಿ ನಿನಗೇ ಕಿರಿಕಿರಿ ಅನ್ನಿಸಬಹುದು. ನನಗೂ ಅನ್ನಿಸಿತ್ತು, ಒಂದು ವಾರ ತಡೆದುಕೋ. ಇವತ್ತು ರಾತ್ರಿ ಆ ಏರೋಪ್ಲೇನ್ ಮೋಡ್ ಪರೀಕ್ಷೆ ಮಾಡು, ಏನಾಯ್ತು ಅಂತ ಬರೆ.